ರಘೂತ್ತಮರಾಯರ ತೊಡೆ ಕಳವು

ರಘೂತ್ತಮರಾಯರ ಬಲತೊಡೆ ಕಳುವಾಗಿತ್ತು.

ಪೂರ್ತಿಯಲ್ಲ, ಒಂದು ಪಾಲು. ಕಲಬುರಗಿಯ ಜಗತ್ ಸರ್ಕಲ್ಲಿನ ಹತ್ತಿರವಿರುವ ತನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಮಲ್ಲಿಕಾ ಟೇಪು ಸುತ್ತಿ ನೋಡಿದಳು. ನಂಬಿಕೆಯಾಗದೆ ಮತ್ತೊಮ್ಮೆ ಸುತ್ತಿದಳು. ಮೊದಲಿಗಿಂತ ಸಣ್ಣ! ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಮಲಗಿ ಮಲಗಿ ಕರಗಿದ್ದ ಸ್ನಾಯು ಈಗ ತುಂಬಿಕೊಳ್ಳಬೇಕಿತ್ತು. ಹೀಗೇ ಕರಗುತ್ತ ಹೋದರೆ ರಾಯರು ತಾವಾಗಿ ಏಳುವುದು ಇನ್ನು ಸುಳ್ಳೇ, ಹಾಸಿಗೆಯೇ ಗತಿ.

“ಕಾಕಾ, ದಿನಾ ಚಕ್ಕಾ ತಿನ್ನಾಕತ್ತೀರಿಲ್ಲೋ?”

“ಬಟ್ಟಲಂತೂ ಖಾಲಿ ಆಗ್ಲಿಕತ್ತದ. ಸೊಸೀನ್ನ ಕೇಳು,” ಎಂದರು ರಾಯರು, ನಡುಗುವ ಕೈಯಿಂದ ಪಂಚೆ ಸರಿಪಡಿಸಿಕೊಳ್ಳುತ್ತ. ನಿವೃತ್ತ ಇಂಜಿನಿಯರು, ನೇರ ಉತ್ತರ ಕೊಟ್ಟು ಅಭ್ಯಾಸವಿಲ್ಲ. ದೇವರಮನೆಯ ಹೊಸ್ತಿಲು ದಾಟಿದ್ದು ಬಲ್ಬು ಹಾಕುವುದಕ್ಕೆ ಮಾತ್ರ ಎಂದು ಜಂಬದಿಂದ ಹೇಳಿಕೊಳ್ಳುವ ಮನುಷ್ಯ.

ಹಾಲು ರಾಯರ ಹೊಟ್ಟೆಗೆ ಆಗದು. ಆ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೆ ಚಪ್ಪಲಿ ಹುಡುಕಿಕೊಂಡು ಹೊರಡಬೇಕಾದೀತು. ಒಗ್ಗುತ್ತಿದ್ದದ್ದು ಮೊಸರೊಂದೇ. ಅದನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ ಉಳಿಯುವ ಗಟ್ಟಿಯಲ್ಲಿ ಬೇಕಾದಷ್ಟು ಪ್ರೋಟೀನು. ಮರಾಠಿ ಬೆರೆತ ಅವರ ಮನೆಮಾತಿನಲ್ಲಿ ಅದೇ ಚಕ್ಕಾ. ದಿನಕ್ಕೊಂದು ಬಟ್ಟಲು ಚಕ್ಕಾ, ಜೊತೆಗೆ ವ್ಯಾಯಾಮ—ಇದು ಮಲ್ಲಿಕಾ ಹಾಕಿಕೊಟ್ಟ ಪಥ್ಯ.

ಆಟೋದ ಇಮಾಮುದ್ದೀನ್ ಒಳಗೆ ಬಂದು ರಾಯರನ್ನು ಒಬ್ಬನೇ ಎತ್ತಿಕೊಂಡ. ಮೊದಮೊದಲು ಇನ್ನೊಬ್ಬರು ಕೈಹಚ್ಚದೆ ಆಗುತ್ತಿರಲಿಲ್ಲ.

“ಸಾಬ್ ಭಾಳ ಹಗುರ ಆಗ್ಯಾರ್ರೀ, ಡಾಕ್ಟರಮ್ಮಾ.”

ಏನೋ ಮೋಸವಿದೆ. ಎಲ್ಲಿ?

ಮೊದಲ ಅನುಮಾನ ಮೊಸರಿನ ಮೇಲೆ. ಅದು ಬರುತ್ತಿದ್ದದ್ದು ಕಮಲಾಪುರದ ದೌಲಪ್ಪನ ಎಮ್ಮೆಗಳಿಂದ. ಗಡಿಗೆ ಬೆಳಗಿನ ಬಸ್ಸಿನಲ್ಲಿ ಕಲಬುರಗಿಗೆ, ಬಸ್ ಸ್ಟ್ಯಾಂಡಿನಿಂದ ಇಮಾಮುದ್ದೀನನ ಆಟೋದಲ್ಲಿ ರಾಯರ ಮನೆಗೆ. ಮಲ್ಲಿಕಾ ಅವತ್ತೇ ಸ್ಕೂಟಿ ಹತ್ತಿ ಕಮಲಾಪುರಕ್ಕೆ ಹೋದಳು.

“ಮೊಸರಿಗಿ ನೀರು ಬೆರಸ್ತೀರೇನ್ರೀ?”

ದೌಲಪ್ಪ ಒಂದು ಗಡಿಗೆ ಎತ್ತಿ ಅವಳ ಮುಂದೆಯೇ ಬೋರಲು ಮಾಡಿ ಹಿಡಿದ. ಒಂದು ಹನಿಯೂ ಬೀಳಲಿಲ್ಲ.

“ಮೊದಲೇ ನನ್ನ ಯಾಪಾರ ಬಿದ್ದದ, ಮ್ಯಾಲ ನೀವೊಬ್ರು!” ಎಂದು ಗೊಣಗಿದ. “ಈ ತಿಂಗಳು ಆಚಾರ್ರ ಮನಿಗೋಳೆಲ್ಲ ಮೊಸರು ಬಂದ್ ಮಾಡ್ಯಾವ್ರೀ. ಚಾತುರ್ಮಾಸದ ವ್ರತ ಅಂತ. ಮಜ್ಜಿಗಿ ನಡೀತದಂತ, ಮೊಸರು ನಡ್ಯಂಗಿಲ್ಲಂತ. ಆ ಪಾರ್ವತೀಬಾಯಿ ಅವ್ರ ಮನಿ ಒಂದೇ ತರಸ್ತದ.”

ಪಾರ್ವತೀಬಾಯಿ ಎಂದರೆ ರಾಯರ ಹೆಂಡತಿ. ವ್ರತ ಬಿಡದ ಮನೆಯಲ್ಲಿ ಮೊಸರು? ತರಿಸಿದರೂ ಗಂಡನ ಬಾಯಿಗೆ ಹೋಗದಂತೆ ತಪ್ಪಿಸುತ್ತಿರಬೇಕು. ಮಲ್ಲಿಕಾಳಿಗೆ ಕಳ್ಳರು ಸಿಕ್ಕಿಯೇಬಿಟ್ಟರು ಅನ್ನಿಸಿತು.

ಮರುದಿನ ಬೆಳಿಗ್ಗೆ ಐವಾನ್-ಎ-ಶಾಹಿ ಬಡಾವಣೆಯಲ್ಲಿದ್ದ ರಾಯರ ಮನೆಗೆ ಹೋದಾಗ ಸೊಸೆ ಮಂಜುಷಾ ರಾಯರ ಕೋಣೆಯಿಂದ ತಟ್ಟೆ ಹಿಡಿದುಕೊಂಡು ಬರುತ್ತಿದ್ದಳು.

“ನೋಡ್ರಿ, ಪೂರಾ ಖಾಲಿ! ನಾನೇ ಕೈಯಾಗ ಕೊಟ್ಟು ಬರ್ತೀನಿ. ಯಾರರ ನೋಡ್ಲಿಕತ್ರ ಮಾವನವರಿಗಿ ಗಂಟಲ್ದಾಗ ಇಳ್ಯಂಗಿಲ್ಲಂತ. ಗಾಳಿ ಬೇಕಂತ ಮಂಚಾನೂ ಕಿಟಕಿಗಿ ಹಚ್ಚಿಸ್ಕೊಂಡಾರ.”

ಅವಳು ಬಟ್ಟಲನ್ನು ತೊಳೆಯಲು ಹಾಕಿದಳು. ಚಮಚವನ್ನು ಹಾಗೇ ಸ್ಟ್ಯಾಂಡಿಗೆ ಸಿಕ್ಕಿಸಿದಳು.

ಪಾರ್ವತೀಬಾಯಿ ಹೂ ಕಟ್ಟುತ್ತ ಕುಳಿತಿದ್ದರು. ಮಲ್ಲಿಕಾ ಸುತ್ತಿ ಬಳಸಿ ಮಾತಾಡಲಿಲ್ಲ.

“ಕಾಕು, ಈ ತಿಂಗಳು ನಿಮ್ಮ ಮನ್ಯಾಗ ಮೊಸರು ನಡೀತದೇನ್ರೀ?”

ಅವರ ಮುಖ ಬಾಡಿತು. “ನಡ್ಯಂಗಿಲ್ಲವಾ. ಇವರು ಎದ್ದು ಅಡ್ಡಾಡಲಿ ಅಂತ, ಈ ಸಲ ಮನೀಮಂದಿ ಎಲ್ಲಾ ವ್ರತ ಹಿಡೀತೀವಂತ ದೇವರಿಗಿ ಬೇಡ್ಕೊಂಡಿದ್ದೆ. ಆಮ್ಯಾಲ ನೀನೇ ಮೊಸರೇ ಕೊಡಬೇಕು ಅಂದಿ.”

“ಅದಕ್ಕ ನೀವು—?”

“ನಾನೇನು? ದಿನಾ ಕಟ್ಟೋಳು ನಾನು! ತಪ್ಪಾತು ಸ್ವಾಮೀ ಅಂತ ಕೈ ಮುಗ್ದು, ಅಳ್ಕೋತ ಕಟ್ಟೀನಿ. ಅವರ ಕಾಲಿನ ಮುಂದ ನನ್ನ ವ್ರತ ಏನ್ ದೊಡ್ಡದು?”

ಮಲ್ಲಿಕಾಳಿಗೆ ನಾಚಿಕೆಯಾಯಿತು. ಆ ಕಣ್ಣೀರು ನಟನೆಯಲ್ಲ. ಹಾಗಾದರೆ ಯಾರು? ಅಷ್ಟರಲ್ಲಿ ಇಮಾಮುದ್ದೀನ್ ತುಂಬಿದ ಗ್ಯಾಸ್ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಹಾಡು ಗುನುಗುತ್ತ ಒಳಗೆ ಬಂದ. ಅಂಗಿಯ ತೋಳು ಹರಿಯುವಷ್ಟು ಬಿಗಿಯಾಗಿತ್ತು.

ಮಲ್ಲಿಕಾ ಅವನನ್ನು ನೋಡಿದಳು. ಸ್ಟ್ಯಾಂಡಿನಲ್ಲಿದ್ದ ಚಮಚ ತೆಗೆದು ನೋಡಿದಳು. ಎಲ್ಲರನ್ನೂ ರಾಯರ ಕೋಣೆಗೆ ಕರೆದಳು.

“ಕಾಕಾನ ತೊಡಿ ಸಿಕ್ತು,” ಎನ್ನುತ್ತ ಇಮಾಮುದ್ದೀನನ ತೋಳಿಗೆ ಟೇಪು ಸುತ್ತಿದಳು. “ಇಲ್ಲೇ ಅದ ನೋಡ್ರಿ! ಸಾಬ್ ಹಗುರ ಆಗ್ಯಾರ ಅಂದಿಯಲ್ಲಾ? ಅವರು ಹಗುರ ಆಗಿದ್ದೂ ಖರೆ, ನೀ ಗಟ್ಟಿ ಆಗಿದ್ದೂ ಖರೆ. ಚಕ್ಕಾನೂ ನಿನಗ, ಎತ್ತೋ ವ್ಯಾಯಾಮಾನೂ ನಿನಗ!”

ಇಮಾಮುದ್ದೀನ್ ಹೌಹಾರಿದ. “ಅಲ್ಲಾ ಕಸಮ್, ಕದ್ದಿಲ್ರೀ! ಸಾಬ್‌ಇಚ್ ದಿಯೇ! ಕಿಟಕ್ಯಾಗಿಂದ ನನ್ನ ಡಬ್ಬಿಗಿ ಅವರೇ ಹಾಕ್ತಿದ್ರು. ಹೊಟ್ಟಿ ತುಂಬೇದ, ಚೆಲ್ಲಬಾರ್ದು, ತಿನ್ನು ಅಂತಿದ್ರು.”

“ಗೊತ್ತದ,” ಎಂದಳು ಮಲ್ಲಿಕಾ. “ಕಾಕಾನ ಕೈ ನಡಗ್ತದ. ಚಮಚ ಇಲ್ದ ತುತ್ತು ಬಾಯಿಗಿ ಮುಟ್ಟಂಗಿಲ್ಲ. ಬಟ್ಟಲು ಖಾಲಿ, ಚಮಚ ಮಾತ್ರ ಒಣ ಒಣ! ಮಂಜುಷಾ ದಿನಾ ತೊಳೀದೇ ಇಟ್ಟಾರ. ನಾವೆಲ್ಲ ಬಟ್ಟಲೇ ನೋಡಿದ್ವಿ. ಕಳ್ಳರು ನೀವೇ, ಕಾಕಾ. ಆದ್ರ ಯಾಕ? ನೀವೇನು ವ್ರತದವರಲ್ಲ!”

ರಾಯರು ಗೋಡೆಯ ಕಡೆ ಮುಖ ತಿರುಗಿಸಿದರು.

“ಅಲ್ಲ. ಈಗೂ ಅಲ್ಲ. ಆದ್ರ ಈಕಿ ಬೇಡ್ಕೊಂಡದ್ದು ಕಿವೀಗಿ ಬಿತ್ತು. ಮುಂಜಾನೆ ಅಳ್ಕೋತ ಮೊಸರು ಕಟ್ಟೋದೂ ಕೇಳಿಸ್ತಿತ್ತು. ನಾ ತಿಂದ್ರ ಈಕಿ ವ್ರತ ಮುರೀತದ. ಇಡೀ ಜನ್ಮ ಈಕಿ ದೇವರನ್ನ ಚೇಷ್ಟಾ ಮಾಡೀನಿ. ಇದೊಂದ್ಸಲ ಈಕಿ ಮಾತು ಉಳೀಲಿ ಅಂತ—”

ಪಾರ್ವತೀಬಾಯಿ ಎದ್ದು ಅಡುಗೆಮನೆಗೆ ಹೋದರು. ಗೂಟಕ್ಕೆ ಕಟ್ಟಿದ್ದ ಗಂಟಿನಲ್ಲಿ ಉಳಿದದ್ದನ್ನೆಲ್ಲ ಬಟ್ಟಲಿಗೆ ಹಾಕಿಕೊಂಡು ಬಂದು ಮಂಚದ ಮೇಲೆ ಕುಳಿತರು. ಕಣ್ಣು ತುಂಬಿತ್ತು, ದನಿ ಮಾತ್ರ ಜೋರಾಗಿತ್ತು.

“ಪಾಪ ನನಗಿರ್ಲಿ, ಕಾಲು ನಿಮಗಿರ್ಲಿ. ಬಾಯಿ ತೆಗೀರಿ.”

ರಾಯರು ಬಾಯಿ ತೆರೆದರು.