ಡಾಟರ್ ಅಂದರೆ ನೀರು

"ಗೋ!"

ಆ ಒಂದೇ ಶಬ್ದ ಗೋಕಿಲಾಳ ಎದೆಗೆ ಬಂದು ಬಡಿಯಿತು.

ಪೀಳಮೇಡಿನ ಆಸ್ಪತ್ರೆಯ ಮಂಚದ ಮೇಲೆ ತಲೆಗೆ ಬ್ಯಾಂಡೇಜು, ಕುತ್ತಿಗೆಗೆ ಬಿಗಿಯಾದ ಪಟ್ಟಿ ಹಾಕಿಕೊಂಡು ಕೂತಿದ್ದ ಮೋಹನ್ ರಾಜ್, ಅವಳು ಮಾಮಾ ಎಂದು ಕರೆಯುವ ಭಾವಿ ಗಂಡ, ಅವಳನ್ನೇ ದಿಟ್ಟಿಸುತ್ತಿದ್ದ. ಅಪಘಾತವಾದ ಮೇಲೆ ಅವನು ಕಣ್ತೆರೆದು ಅವಳನ್ನು ನೋಡಿದ್ದು ಅದೇ ಮೊದಲು. ಬಲಗೈ ಜೀವವಿಲ್ಲದಂತೆ ಬಿದ್ದಿತ್ತು. ಎಡಗೈ ಎತ್ತಿ, ಗಂಟಲು ಹರಿಯುವಂತೆ ಮತ್ತೆ ಕೂಗಿದ.

"ಗೋ! ಗೋ!"

ಅವಳ ಅಪ್ಪ ನಟರಾಜನ್ ಆಗಷ್ಟೇ ಮಗಳ ಬೆರಳಿನಿಂದ ನಿಶ್ಚಿತಾರ್ಥದ ಉಂಗುರ ಬಿಡಿಸಿ ಮೇಜಿನ ಮೇಲಿಟ್ಟಿದ್ದರು. ಮೋಹನನ ತಾಯಿ ವಳ್ಳಿಯಮ್ಮನ ಮುಖ ನೋಡಲಾಗದೆ ನೆಲ ನೋಡುತ್ತಾ ಹೇಳಿದ್ದರು, "ತಪ್ಪು ತಿಳ್ಕೋಬೇಡಿ ಅಕ್ಕಾ. ನಂಗಿರೋದು ಇದೊಂದೇ ಕೂಸು..."

ಈಗ ಮಗಳ ತೋಳು ಹಿಡಿದರು.

"ಕೇಳಿದ್ಯಾ ಮಗಳೇ, ನನ್ ಕಣ್ಣು? ಅವನೇ ಹೋಗು ಅಂತಾನೆ. ಇನ್ನೇನು ಬೇಕು? ನಡಿ."

ಬಾಗಿಲಲ್ಲಿ ನಿಂತು ಗೋಕಿಲಾ ಒಮ್ಮೆ ತಿರುಗಿ ನೋಡಿದಳು. ಅವನ ಕಣ್ಣಲ್ಲಿ ನೀರು... ಅದು ಸಿಟ್ಟಿನದೋ, ನೋವಿನದೋ?

‘ಉಂಗುರ ತೆಗೀಬೇಡಿ ಅಂತ ದಾರಿಯುದ್ದಕ್ಕೂ ಅಪ್ಪನ ಹತ್ರ ಬೇಡಿಕೊಂಡು ಬಂದೆ ಮಾಮಾ... ನೀವೇ ಹೋಗು ಅಂದುಬಿಟ್ರಲ್ಲ!’

ಸೂಲೂರಿನ ಮೋಹನ್ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ವಿದೇಶದ ವ್ಯಾಪಾರಿಗಳ ಜೊತೆ ಫೋನಿನಲ್ಲಿ ಇಂಗ್ಲಿಷ್ ಮಾತು. ಗೋಕಿಲಾ ಕಾರಮಡೈಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪ್ರಾಸದ ಪದಗಳನ್ನು ಹೇಳಿಕೊಡುವ ಟೀಚರ್. ನಿಶ್ಚಿತಾರ್ಥವಾದಂದಿನಿಂದ ಸಂಜೆಯಾದರೆ ಅವನ ಫೋನು ಬರುತ್ತಿತ್ತು.

"ಟೀಚರಮ್ಮಾ, ಇವತ್ತು ಯಾವ ಪದ?"

"ಮೂನ್."

"ಸ್ಪೂನ್, ನೂನ್... ಜೂನ್!"

"ಜೂನ್ ಅಂದ್ರೆ ಏನು, ಅರ್ಥ ಹೇಳಿ?"

"ನಮ್ಮ ಮದುವೆ!"

ಆ ಜೂನ್ ಬಂತು. ಲಗ್ನಕ್ಕೆಂದು ಗೊತ್ತು ಮಾಡಿದ್ದ ದಿನ ಬೆಳಿಗ್ಗೆ ಗೋಕಿಲಾ ಎಂದಿನಂತೆ ಶಾಲೆಗೆ ಹೋಗಿ ಕಪ್ಪು ಹಲಗೆಯ ಮುಂದೆ ನಿಂತಳು. ಬರೆಯಲು ಕೈ ಏಳಲಿಲ್ಲ. ಮನೆಯಲ್ಲಿ ಅಪ್ಪ ಬೇರೆ ಸಂಬಂಧದ ಮಾತೆತ್ತಿದ್ದರು. ಅವಳು ಎದ್ದು ಮಕ್ಕಳ ಪುಸ್ತಕ ತಿದ್ದಲು ಕೂರುತ್ತಿದ್ದಳು. ಫೋನು ಕೈಗೆತ್ತಿಕೊಂಡಾಗಲೆಲ್ಲ ಕಿವಿಯಲ್ಲಿ ಅದೇ ಕೂಗು... ಗೋ!

‘ನನ್ನ ಕನಿಕರ ಬೇಡವಾಯ್ತೇನೋ. ಇಲ್ಲಾ, ನಾನೇ ಬೇಡವಾದೆನೇನೋ...’

ಒಂದು ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ವಳ್ಳಿಯಮ್ಮ ನಿಂತಿದ್ದರು. ಸೀರೆ ಮುದುಡಿತ್ತು, ಕಣ್ಣು ಊದಿತ್ತು. ಗೋಕಿಲಾ ಓಡಿ ಹೋದಳು.

"ಅತ್ತೆ! ಅವರಿಗೆ ಏನಾಯ್ತು?"

"ನಿನ್ ಮೇಲೆ ನಂಗೆ ಕೋಪ ಇಲ್ಲ ಕಣ್ಣು. ಆದ್ರೆ ಒಂದ್ಸಲ ಬಾ. ಅವ್ನು ನಿನ್ನೇ ಕೇಳ್ತಾ ಇದಾನೆ."

"ನನ್ನನ್ನಾ?"

"ಡಾಕ್ಟರು ಹೇಳಿದ್ರು, ತಲೆಗೆ ಏಟು ಬಿದ್ದು ಮಾತೆಲ್ಲಾ ಕಲಸಿ ಹೋಗಿದೆ ಅಂತ. ನಮ್ ಮನೆ ಮಾತು ಕನ್ನಡಾನೂ ಬರ್ತಿಲ್ಲ, ಊರ ಮಾತು ತಮಿಳೂ ಬರ್ತಿಲ್ಲ. ಆಫೀಸಿನ ಇಂಗ್ಲೀಷ್ ಒಂದೇ, ಅದೂ ಅಲ್ಲೊಂದು ಇಲ್ಲೊಂದು. ಡಾಟರ್, ಡಾಟರ್ ಅಂತ ಒದ್ದಾಡ್ತಾನೆ ಪಾಪ. ಡಾಟರ್ ಅಂದ್ರೆ ಮಗಳು ಅಂತ ಪಕ್ಕದ ಮನೆ ಅಭಿನಯಾ ಹೇಳಿದ್ಳು. ನಂಗೆ ಮಗಳೆಲ್ಲಿ? ಮಗಳಾಗಿ ಬರ್ಬೇಕಾದವಳು ನೀನೇ ಅಲ್ವಾ?"

ಗೋಕಿಲಾ ತಬ್ಬಿಬ್ಬಾದಳು. "ಮತ್ತೇನಂತಾರೆ?"

"ರೆಡ್ ಅಂತಾನೆ. ಕೆಂಪು ಶಾಲು ಕೊಟ್ರೆ ಎಸೀತಾನೆ. ಕೊನೆಗೆ ಎತ್ತಿ ಮಲಗಿಸಿದ್ರೆ ಸುಮ್ನಾಗ್ತಾನೆ. ಡಾಟರ್ ಅಂದಾಗ್ಲೂ ಹಂಗೇ. ಸಮಾಧಾನಕ್ಕೆ ಅಂತ ಒಂದ್ಲೋಟ ನೀರು ಕುಡಿಸಿದ್ರೆ ಗಟಗಟ ಕುಡಿದು..."

"ಅತ್ತೆ!"

ಅವಳು ಗೇಟಿನ ಸರಳು ಹಿಡಿದುಕೊಂಡಳು.

ರೆಡ್... ಬೆಡ್! ಡಾಟರ್... ವಾಟರ್!

"ಅವರು ನನ್ನ ಕೇಳಿಲ್ಲ ಅತ್ತೆ. ನೀರು ಕೇಳಿದಾರೆ! ಬೇಕಾದ ಪದ ಸಿಗ್ತಿಲ್ಲ, ಅದರ ಪ್ರಾಸದ ಪದ ಬಾಯಿಗೆ ಬರ್ತಿದೆ!"

ವಳ್ಳಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತರು.

"ಅಯ್ಯೋ... ನೀರು ನೀರು ಅಂತ ಅತ್ತಿದಾನಾ ನನ್ ಮಗ?"

ಗೋಕಿಲಾ ಅವರನ್ನು ಹಿಡಿದೆತ್ತಿದಳು. ಹಾಗಿದ್ದರೆ ಅವತ್ತಿನ ಆ ಕೂಗು? ಗೋ... ಸೋ... ನೋ...

ನೋ?

ಇರಬಹುದು. ಇಲ್ಲದೆಯೂ ಇರಬಹುದು. ಎಲ್ಲ ಪದವೂ ತಪ್ಪಾಗಲೇಬೇಕೆಂದೇನಿದೆ? ನಿಜಕ್ಕೂ ಹೋಗು ಎಂದೇ ಕೂಗಿದ್ದರೆ?

ಅರ್ಧ ದಿನ ರಜೆ ಹೇಳಿ ಅತ್ತೆಯ ಜೊತೆ ಬಸ್ ಹತ್ತಿದಳು. ವಿಷಯ ತಿಳಿದ ಅಪ್ಪನ ಫೋನು ಬಂತು.

"ಆ ಮನೆ ಹೊಸಿಲು ತುಳಿದ್ರೆ ನೀನು ನನ್ ಮಗಳೇ ಅಲ್ಲ!"

"ಅವರು ಏನಂದ್ರು ಅಂತ ನಂಗೆ ತಿಳೀಬೇಕು ಅಪ್ಪಾ. ತಿಳೀದೆ ಬದುಕೋಕೆ ಆಗಲ್ಲ."

ಸೂಲೂರಿನ ಮನೆಯಲ್ಲಿ ಮೋಹನ್ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದ. ಕುತ್ತಿಗೆಯ ಪಟ್ಟಿ ತೆಗೆದಿದ್ದರು. ಅವಳನ್ನು ಕಂಡದ್ದೇ ಮುಖ ಗೋಡೆಯ ಕಡೆ ತಿರುಗಿಸಿದ.

ಗೋಕಿಲಾ ಹತ್ತಿರ ಹೋಗಿ ಮಂಚದ ಅಂಚಿನಲ್ಲಿ ಕೂತಳು.

"ಮಾಮಾ... ಆಸ್ಪತ್ರೆಯಲ್ಲಿ ಗೋ ಅಂದ್ರಲ್ಲ, ನನ್ನ ಹೋಗು ಅಂದ್ರಾ?"

ಅವನು ಥಟ್ಟನೆ ತಿರುಗಿದ. ಇಲ್ಲವೆಂದು ಜೋರಾಗಿ ತಲೆಯಾಡಿಸಿದ. ಆಡಿಸುತ್ತಲೇ ಇದ್ದ. ಎಡಗೈಯಿಂದ ಅವಳ ಬೆರಳು ಹಿಡಿದು, ಉಂಗುರವಿಲ್ಲದ ಜಾಗವನ್ನು ಒತ್ತಿ ಒತ್ತಿ ತೋರಿಸಿದ.

"ಗೋ... ಸೋ... ನ್... ನೋ! ನೋ!"

"ತೆಗೀಬೇಡಿ ಅಂತ ಕೂಗಿದ್ರಾ...? ಅಪ್ಪ ಉಂಗುರ ಬಿಚ್ಚಿದ್ದಕ್ಕೆ ಬೇಡ ಅಂದ್ರಾ...?"

ಅವನು ಅವಳ ಅಂಗೈಯಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತ.

"ನಾನು ಎದ್ದು ಹೋದೆ ಮಾಮಾ! ನೀವು ಬೇಡ ಬೇಡ ಅಂತ ಕೂಗ್ತಿದ್ರೂ ನಿಮ್ಮನ್ನ ಬಿಟ್ಟು ಹೋದೆ..."

ಬಹಳ ಹೊತ್ತಿನ ಮೇಲೆ ಅವನು ತಲೆಯೆತ್ತಿದ. ತನ್ನ ಸತ್ತಂತಿದ್ದ ಬಲಗೈ ನೋಡಿಕೊಂಡ, ಅವಳನ್ನು ನೋಡಿದ, ಬಾಗಿಲ ಕಡೆ ಕೈ ತೋರಿಸಿದ. ಆ ಸನ್ನೆಯ ಅರ್ಥಕ್ಕೆ ಯಾವ ಪದವೂ ಬೇಕಿರಲಿಲ್ಲ.

"ಈ ಕೈ ನೋಡಿ ನಾನು ಹೋಗ್ತೀನಿ ಅಂದ್ಕೊಂಡ್ರಾ? ನಿಮಗೆ ಏನು ಬೇಕು ಅದನ್ನ ಹೇಳಿ. ನಂಗೇನು ಬೇಕು ಅಂತ ನಂಗೊತ್ತು. ನಂಗೆ ನೀವು ಬೇಕು!"

ಅವನು ತುಟಿ ತೆರೆದ. ಏನೋ ಒಂದು ಪದ ಅವನೊಳಗೆ ದಾರಿ ಹುಡುಕುತ್ತಿತ್ತು.

"ಡೇ..."

"ಡೇ ಅಂದ್ರೆ ದಿನ. ಅದಲ್ವಾ?"

ಅಲ್ಲವೆಂದು ತಲೆಯಾಡಿಸಿದ. "ಪೇ..."

"ಸಂಬಳ. ಅದೂ ಅಲ್ಲ?"

"ವೇ..." ಹಣೆಯ ನರ ಉಬ್ಬಿತು.

"ದಾರಿ. ನಿಧಾನ ಮಾಮಾ..."

"ಹೇ..."

"ಹೇ ಅಂದ್ರೆ ಒಣಹುಲ್ಲು! ನಾನೇನು ಹಸುನಾ?"

ಅಳುವಿನ ನಡುವೆಯೇ ಅವನ ಮುಖದಲ್ಲಿ ನಗು ಸುಳಿಯಿತು. ಅವಳಿಗೆ ಆ ಪದ ಯಾವುದೆಂದು ಹೊಳೆದಿತ್ತು. ಆದರೂ ಹೇಳಿಕೊಡಲಿಲ್ಲ. ಅವನ ಬಾಯಿಂದಲೇ ಕೇಳಬೇಕಿತ್ತು. ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅಪ್ಪನ ಸಿಟ್ಟನ್ನು ಅವಳು ಎದುರಿಸಲೇಬೇಕು, ಆದರೆ ಈಗಲ್ಲ.

ಅವನು ಕಣ್ಣು ಮುಚ್ಚಿ, ಉಸಿರೆಳೆದುಕೊಂಡ.

"ಸ್... ಸ್... ಸ್ಟೇ."

ಗೋಕಿಲಾಳ ಕಣ್ಣು ಮಂಜಾಯಿತು. ಅವನು ಅವಳ ಬಾಯನ್ನೇ ನೋಡುತ್ತಿದ್ದ, ಅದಕ್ಕೂ ಅರ್ಥ ಕೇಳುವವನಂತೆ.

"ಇರು," ಅಂದಳು ಮೆಲ್ಲಗೆ. "ಸ್ಟೇ ಅಂದ್ರೆ ಇರು."

ಅವನ ನಾಲಿಗೆ ತಡವರಿಸಿತು. ಅಡುಗೆಮನೆಯ ಬಾಗಿಲಲ್ಲಿ ವಳ್ಳಿಯಮ್ಮ ಉಸಿರು ಬಿಗಿಹಿಡಿದು ನಿಂತರು.

"ಇ... ಇರು."

"ಇರ್ತೀನಿ ಮಾಮಾ," ಅಂದಳು ಅವಳು, ಅವನ ಹಣೆಗೆ ಹಣೆ ತಾಗಿಸಿ. "ಇರ್ತೀನಿ."