ಮಾರಿದ ಕಾರಿಗೆ ಹೇಳಿದ ಮಾತು

ಪೆಟ್ರೋಲು, ಬಿಸಿಲಿಗೆ ಕಾದ ಚರ್ಮದ ಸೀಟು, ಅಪ್ಪಾಜಿಯ ನಶ್ಯ, ಇವೆಲ್ಲ ಬೆರೆತ ವಾಸನೆಯೇ ನನ್ನ ಬಾಲ್ಯ. ಎರಡೇ ಸೀಟಿನ ಕೆಂಪು ಎಂ.ಜಿ. ಕಾರಿನಲ್ಲಿ ಅವರು ದಿನಾ ತುಮಕೂರಿನಿಂದ ಗುಬ್ಬಿಗೆ ಹೊರಟಾಗ, ತಾಯಿಯಿಲ್ಲದ ನಾನೇ ಗೇಟಿನಲ್ಲಿ ನಿಂತು "ಹೋಗಿ ಬನ್ನಿ" ಅನ್ನುತ್ತಿದ್ದೆ. ಅವರು ತೀರಿಕೊಂಡ ದಿನವೂ ಅದೇ ಮಾತು ಬಾಯಿಗೆ ಬಂತು. ಪಕ್ಕದ ಮನೆಯ ಸಿದ್ದಗಂಗಮ್ಮ ನನ್ನ ಬಾಯಿ ಮುಚ್ಚಿ, "ಹೋದೋರನ್ನ ಬನ್ನಿ ಅನ್ಬಾರ್ದು ಕಣವ್ವ" ಅಂದಿದ್ದರು.

ಆಮೇಲೆ ಆ ಕಾರೊಂದೇ ನನಗೆ ಜೊತೆ. ಓಡಿಸಲು ಬಾರದು, ತುಕ್ಕು ಹಿಡಿಯುವುದನ್ನು ನೋಡಲಾರೆ. ಮೂವತ್ತು ವರ್ಷ ಮನೆಯಲ್ಲಿದ್ದದ್ದನ್ನು ೧೯೬೨ರಲ್ಲಿ ಕುಣಿಗಲ್ಲಿನ ಅನಂತರಾಮಯ್ಯನವರಿಗೆ ಮಾರಿದೆ.

"ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಅಳ್ತೀರಲ್ಲಮ್ಮ! ಚೆನ್ನಾಗಿ ನೋಡ್ಕೋತೀನಿ ಬಿಡಿ," ಎಂದು ನಗುತ್ತಾ ಅವರು ಕಾರು ಹೊರಡಿಸಿದರು. ಗೇಟು ದಾಟುವಾಗ ನನ್ನ ಬಾಯಿ ತಾನಾಗಿ "ಹೋಗಿ ಬನ್ನಿ" ಅಂದುಬಿಟ್ಟಿತು. ಕಾಂಪೌಂಡಿನಾಚೆ ನಿಂತಿದ್ದ ಸಿದ್ದಗಂಗಮ್ಮ ತಟ್ಟನೆ ನನ್ನ ಕಡೆ ತಿರುಗಿದರು.

ಸಂಜೆ ದೀಪ ಹಚ್ಚುವಾಗ ಕಾರಿನ ಶೆಡ್ಡಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು, ಅಪ್ಪಾಜಿ ಮನೆಗೆ ಬಂದಾಗ ನಿಲ್ಲುತ್ತಿದ್ದ ಹಾಗೆ. ಹೋಗಿ ನೋಡಿದೆ. ಶೆಡ್ಡು ಖಾಲಿ. ನೆಲ ಮುಟ್ಟಿದೆ. ಎಲ್ಲ ಕಡೆ ತಣ್ಣಗಿತ್ತು, ಎಂಜಿನ್ ನಿಲ್ಲುತ್ತಿದ್ದ ಜಾಗದಲ್ಲಿ ಮಾತ್ರ ಬೆಚ್ಚಗಿತ್ತು.

"ಅಪ್ಪಾಜಿ?" ಅಂದೆ.

ಒಳಗೆ ಬರುವಷ್ಟರಲ್ಲಿ ಸಿದ್ದಗಂಗಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಶೆಡ್ಡಿನ ಕಡೆ ಒಮ್ಮೆ ನೋಡಿದರು. ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದ ಎರಡು ತಟ್ಟೆಗಳನ್ನು ನನ್ನ ಕೈಗೆ ಕೊಟ್ಟು, ಸೆರಗು ಹೊದ್ದುಕೊಂಡು ಹೊರಟುಹೋದರು.