ಹಿಮದಲ್ಲಿ ನಿಂತಿದ್ದ ಗೋಧಿ

ಒಂದಾನೊಂದು ಕಾಲದಲ್ಲಿ, ಒಂದು ದೊಡ್ಡ ಬೆಟ್ಟದ ಮೇಲೆ, ಮೊಣಕಾಲುದ್ದ ಹಿಮದಲ್ಲಿ ಒಂದು ಕುದುರೆ ನಿಂತಿತ್ತು. ಅದರ ಬೆನ್ನ ಮೇಲೆ ಅಗಲ ಟೋಪಿಯ ಸವಾರನೊಬ್ಬ ಕೂತಿದ್ದ. ಇಬ್ಬರೂ ಮಿಸುಕಲಿಲ್ಲ. ಚಳಿ ಅನ್ನಲಿಲ್ಲ, ಹಸಿವು ಅನ್ನಲಿಲ್ಲ. ಕುದುರೆ ಮುಂದಿಡಲೆಂದು ಎತ್ತಿದ ಕಾಲು ಎತ್ತಿದ ಹಾಗೇ ಇತ್ತು. ಹೀಗೇ ಒಂದು ವರ್ಷ ಕಳೆಯಿತು. ಯಾಕೆಂದರೆ ಅವರನ್ನು ಮನೆ ಕಡೆ ನಡೆಸುತ್ತಿದ್ದ ಹುಡುಗಿ, ಕರೆಂಟ್ ಹೋಯಿತೆಂದು ಅರ್ಧ ದಾರಿಯಲ್ಲೇ ಎದ್ದು ಹೋಗಿದ್ದಳು.

ಆ ಹುಡುಗಿ ಈಗ ಟೀವಿಯ ಹಿಂದೆ ತಲೆ ತೂರಿಸಿಕೊಂಡು, ವೈರು ಸಿಕ್ಕಿಸುವ ತೂತು ಹುಡುಕುತ್ತಿದ್ದಳು.

“ಸಿಕ್ತೇನೇ ಚೋಟಿ?” ಮಂಚದ ಮೇಲಿಂದ ಅಜ್ಜಿ ಕೇಳಿದಳು.

“ಸಿಕ್ತು ಅಜ್ಜಿ, ತಡಿ,” ಎಂದು ಚೋಟಿ ಸೀನಿದಳು. ಟೀವಿಯ ಹಿಂದೆ ಅಷ್ಟು ಧೂಳಿತ್ತು.

ಚೋಟುದ್ದ ಇದ್ದಾಳೆ ಅಂತ ಚಿಕ್ಕಂದಿನಲ್ಲಿ ಎಲ್ಲರೂ ಇಟ್ಟ ಹೆಸರು ಅದು. ಈ ವರ್ಷ ಅವಳು ಬಾಗಿಲ ಚೌಕಟ್ಟಿನ ಮೇಲಿನ ಪೆನ್ಸಿಲ್ ಗೆರೆಯನ್ನು ದಾಟಿ ಬೆಳೆದಿದ್ದಳು. ಆದರೂ ಹೆಸರು ಮಾತ್ರ ಚೋಟುದ್ದವೇ ಉಳಿದಿತ್ತು.

ಟೀವಿಗೆ ಸಿಕ್ಕಿಸಿ ಆಡುವ ಗೇಮ್ ಬಾಕ್ಸ್ ಅಣ್ಣನದು. ಹೋದ ವರ್ಷ ಕಾಲೇಜಿಗೆ ಹೋಗುವಾಗ ಅವನು ಅದನ್ನೂ ಬಟ್ಟೆಗಳ ನಡುವೆ ಸುತ್ತಿಕೊಂಡು ಹೋಗಿದ್ದ. ಹೊರಡುವ ಹಿಂದಿನ ದಿನವೇ ಕರೆಂಟ್ ಹೋಗಿದ್ದು. ಆಗ ಕುದುರೆ ಬೆಟ್ಟದ ಮೇಲಿತ್ತು. “ಪಾಪ, ಹಿಮದಲ್ಲೇ ಬಿಟ್ಟೆಯಲ್ಲೇ,” ಎಂದು ಅಜ್ಜಿ ಕೊರಗಿದ್ದಳು. ನಾಳೆ ಖಂಡಿತ ಅದನ್ನು ಕೊಟ್ಟಿಗೆಗೆ ಸೇರಿಸುತ್ತೇನೆ ಎಂದು ಚೋಟಿ ಅಜ್ಜಿಯ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಮರುದಿನ ಅವಳು ಏಳುವಷ್ಟರಲ್ಲಿ ಅಣ್ಣನೂ ಇರಲಿಲ್ಲ, ಬಾಕ್ಸೂ ಇರಲಿಲ್ಲ.

ಆಮೇಲೆ ಅಣ್ಣ ಫೋನ್ ಮಾಡಿದಾಗಲೆಲ್ಲ ಅಜ್ಜಿ ಮೊದಲು ಅವನ ಊಟ ವಿಚಾರಿಸುತ್ತಿದ್ದಳು, ಆಮೇಲೆ ಕುದುರೆಯ ಊಟ. ತಾನು ಅದರಲ್ಲಿ ಫುಟ್‌ಬಾಲ್ ಬಿಟ್ಟು ಬೇರೇನೂ ಆಡುವುದಿಲ್ಲ, ಕುದುರೆ ಇದ್ದಲ್ಲೇ ಇದೆ ಎಂದು ಅಣ್ಣ ನಗುತ್ತಿದ್ದ. ಅಜ್ಜಿ ನಗುತ್ತಿರಲಿಲ್ಲ.

ಈಗ ರಜೆಗೆ ಬಂದ ಅಣ್ಣ ಸಂಜೆಯ ಬಸ್ಸಿಗೆ ವಾಪಸ್ ಹೊರಡಲಿದ್ದ. ರಜೆಯೆಲ್ಲ ಅಜ್ಜಿಯ ಕಣ್ಣಿನ ಆಪರೇಷನ್ನಿನ ಓಡಾಟದಲ್ಲೇ ಮುಗಿದಿತ್ತು. ಅಜ್ಜಿಯ ಒಂದು ಕಣ್ಣಿಗೆ ಬಿಳಿ ಪಟ್ಟಿ, ಇನ್ನೊಂದು ಕಣ್ಣು ಮಂಜು ಮಂಜು. ಅದಕ್ಕೆ ಮುಂದಿನ ತಿಂಗಳು ಆಪರೇಷನ್. ಪಕ್ಕದ ಕೋಣೆಯಲ್ಲಿ ಅಮ್ಮ ಅಂಗಡಿಯೊಂದಕ್ಕೆ ಪರದೆ ಹೊಲಿಯುತ್ತಿದ್ದಳು. ಸಂಜೆಯೊಳಗೆ ಕೊಡಬೇಕಿತ್ತು. ಮೆಷಿನ್ ಗರಗರ ಅನ್ನುತ್ತಲೇ ಇತ್ತು.

“ನಾಲ್ಕು ಗಂಟೆಗೆ ಬಾಕ್ಸ್ ಪ್ಯಾಕ್ ಮಾಡ್ತೀನಿ,” ಎಂದ ಅಣ್ಣ, ಬ್ಯಾಗಿಗೆ ಸಾಕ್ಸು ತುರುಕುತ್ತ. “ಅಷ್ಟರಲ್ಲಿ ನಿಮ್ಮ ಕುದುರೆ ಮನೆಗೆ ಹೋದ್ರೆ ಹೋಯ್ತು.”

ಟೀವಿ ಬೆಳಗಿತು. ಮೊದಲು ಕಪ್ಪು, ಆಮೇಲೆ ದೂರದಲ್ಲೆಲ್ಲೋ ಯಾರೋ ಒಬ್ಬರೇ ಕೂತು ನುಡಿಸುತ್ತಿರುವಂಥ ಪಿಟೀಲು. ಆ ರಾಗ ಕೇಳಿದ್ದೇ ಚೋಟಿ ಕಂಟ್ರೋಲರ್ ಕೈಗೆತ್ತಿಕೊಂಡು ಟೀವಿಯ ಮುಂದೆ ಕೂತಳು. ಈ ಒಂದು ವರ್ಷದಲ್ಲಿ ಅವಳು ಎಷ್ಟೋ ಸಲ ಕನಸಿನಲ್ಲಿ ಆಟದ ಆ ಕಣಿವೆಗೆ ಹೋಗಿಬಂದಿದ್ದಳು. ಕ್ಲಾಸಿನಲ್ಲಿ ಗಣಿತ ನಡೆಯುವಾಗಲೂ ಅವಳ ಹೆಬ್ಬೆರಳುಗಳು ಡೆಸ್ಕಿನ ಕೆಳಗೆ ಸದ್ದಿಲ್ಲದೆ ಕುದುರೆ ಓಡಿಸುತ್ತಿದ್ದವು.

ಬಿಳಿ ಹಿಮ ಕಾಣಿಸಿತು. ಅದರ ನಡುವೆ ಗೋಧಿ ಬಣ್ಣದ ಕುದುರೆ. ಎತ್ತಿದ್ದ ಕಾಲು ಮೆಲ್ಲಗೆ ಇಳಿದು ಹಿಮದ ಮೇಲೆ ಕರಕ್ ಎಂದಿತು.

“ಏನಾಯ್ತು, ಹೇಳೇ. ನಂಗೇನೂ ಕಾಣಲ್ಲ.”

“ಹಿಮ ಇದೆ. ಗೋಧಿ ಇದೆ. ಟೋಪಿರಾಯ ಇದ್ದಾನೆ. ಮರ ಇದೆ.”

“ಇದೇನೇ, ಕ್ಲಾಸಲ್ಲಿ ಹಾಜರಿ ಕೂಗಿದ ಹಾಗೆ? ಕತೆ ಹೇಳು. ನಾನು ಹೂಂ ಅಂತೀನಿ.”

ಅಜ್ಜಿಯ ಕತೆಗಳಿಗೆ ಒಂದು ನಿಯಮವಿತ್ತು. ಕೇಳುವವರು ಹೂಂಗುಡಬೇಕು. ಇಷ್ಟು ವರ್ಷ ಹೂಂ ಅನ್ನುವ ಕೆಲಸ ಚೋಟಿಯದೇ ಆಗಿತ್ತು. ಕತೆ ಹೇಳುವುದು ಹೇಗೆಂದು ಅವಳು ಯೋಚಿಸಿಯೇ ಇರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡಳು.

“ಸೂರ್ಯ ಈಗ ತಾನೇ ಬೆಟ್ಟದ ಹಿಂದಿಂದ ಇಣುಕ್ತಿದ್ದಾನೆ ಅಜ್ಜಿ. ಹಿಮ ಎಲ್ಲ ಗುಲಾಬಿ ಆಗಿದೆ. ಗೋಧಿ ಮೂಗಿಂದ ಹೊಗೆ ಬರ್ತಿದೆ.”

“ಹೂಂ,” ಎಂದಳು ಅಜ್ಜಿ.

ಕುದುರೆಗೆ ಗೋಧಿ ಎಂಬ ಹೆಸರಿಟ್ಟಿದ್ದೂ ಅಜ್ಜಿಯೇ, ಟೋಪಿರಾಯ ಎಂದು ಸವಾರನಿಗೆ ಹೆಸರಿಟ್ಟಿದ್ದೂ ಅವಳೇ. ಹೋದ ವರ್ಷ ಅವಳು ಚೋಟಿಯ ಪಕ್ಕದಲ್ಲೇ ಕೂತು ದಾರಿ ತೋರಿಸುತ್ತಿದ್ದಳು. ಕುದುರೆ ದಣಿದರೆ ಇಳಿದು ನಡೆಸಬೇಕು. ಹೊಳೆ ಸಿಕ್ಕರೆ ನೀರು ಕುಡಿಸಬೇಕು. ದಾರಿಯಲ್ಲಿ ಯಾರೇ ಎದುರಾಗಲಿ ಮಾತಾಡಿಸಿ ಮುಂದೆ ಹೋಗಬೇಕು. ಖುಷಿಯಾದಾಗ ಅಜ್ಜಿ ಎದ್ದು ಹೋಗಿ ಟೀವಿಯ ಮೇಲೇ ಗೋಧಿಯ ಬೆನ್ನು ತಟ್ಟುತ್ತಿದ್ದಳು. ಅವಳ ಬೆರಳಿನ ಗುರುತು ಒರೆಸಿ ಒರೆಸಿ ಅಮ್ಮನಿಗೆ ಸಾಕಾಗುತ್ತಿತ್ತು.

ಆ ಆಟದಲ್ಲಿ ಬಂದೂಕು ಇತ್ತು, ಕಳ್ಳರಿದ್ದರು, ರೈಲು ದರೋಡೆಯೂ ಇತ್ತು. ಅವೆಲ್ಲ ಅಣ್ಣನ ಪಾಲು. ಚೋಟಿಯ ಕೈಯಲ್ಲಿದ್ದಾಗ ಟೋಪಿರಾಯ ಒಂದು ಗುಂಡೂ ಹಾರಿಸಿದವನಲ್ಲ. ಬಂದೂಕಿನ ಬಟನ್ ಕಂಟ್ರೋಲರಿನ ಹಿಂಭಾಗದಲ್ಲಿತ್ತು, ಅವಳ ಬೆರಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಜ್ಜಿ ಮಾತ್ರ ಅದನ್ನು ಟೋಪಿರಾಯನ ಒಳ್ಳೆಯತನ ಎಂದೇ ನಂಬಿದ್ದಳು.

ಬೆಟ್ಟ ಇಳಿಯುವ ತಿರುವಿನಲ್ಲಿ ಸೌದೆ ಹೊತ್ತ ಮುದುಕನೊಬ್ಬ ಎದುರಾದ. ಚೋಟಿ ಅದನ್ನೂ ಕತೆಗೆ ಸೇರಿಸಿದಳು. “ಮತ್ತೆ ಸುಮ್ಮನೆ ಹೋಗ್ತೀಯಾ? ಮಾತಾಡಿಸು,” ಎಂದಳು ಅಜ್ಜಿ.

ಚೋಟಿ ಮಾತಾಡಿಸುವ ಬಟನ್ ಒತ್ತಿದಳು. ಆದರೆ ಬೆಳೆದಿದ್ದು ಬರೀ ಎತ್ತರವಲ್ಲ. ಒಂದು ವರ್ಷದಲ್ಲಿ ಅವಳ ಬೆರಳೂ ಉದ್ದವಾಗಿತ್ತು. ಅದು ಅವಳಿಗೇ ಗೊತ್ತಿಲ್ಲದೆ ಕಂಟ್ರೋಲರಿನ ಬೆನ್ನನ್ನು ಬಳಸಿಕೊಂಡು ಕೂತಿತ್ತು.

ಢಂ!

ಮುದುಕ ಸೌದೆ ಬಿಸಾಕಿ ಓಡಿದ. ಗೋಧಿ ಹಿಂಗಾಲ ಮೇಲೆ ಎದ್ದು ನಿಂತು, ಟೋಪಿರಾಯನನ್ನು ಹಿಮದಲ್ಲಿ ಕೆಡವಿ, ಮರಗಳ ನಡುವೆ ದಿಕ್ಕೆಟ್ಟು ಓಡಿಹೋಯಿತು.

“ಯಾರು ಹೊಡೆದಿದ್ದು?” ಅಜ್ಜಿಯ ಧ್ವನಿ ಸಣ್ಣದಾಗಿತ್ತು.

“ನಾನೇ ಅಜ್ಜಿ. ಬೆರಳು ತಾಗಿಬಿಡ್ತು.” ಗೋಧಿ ಓಡಿಹೋದದ್ದನ್ನೂ ಅವಳು ಹೇಳಿದಳು.

ಅಜ್ಜಿ ಹೂಂ ಅನ್ನಲಿಲ್ಲ.

ಟೋಪಿರಾಯ ಶಿಳ್ಳೆ ಹಾಕಿದ. ಕುದುರೆ ಬರಲಿಲ್ಲ. ಅಣ್ಣ ಸಾಕ್ಸು ಬಿಟ್ಟು ಬಂದು, ಗುಂಡು ಹಾರುವ ಮುಂಚಿನ ಜಾಗಕ್ಕೆ ಮರಳಲು ಹಳೆಯ ಸೇವ್ ಇದೆಯಾ ನೋಡಿದ. ಅಷ್ಟರಲ್ಲಿ ಆಟ ತನ್ನಷ್ಟಕ್ಕೆ ತಾನೇ ಸೇವ್ ಆಗಿಬಿಟ್ಟಿತ್ತು. ತುಂಬ ದೂರ ಓಡಿದರೆ ಕುದುರೆಗೆ ಶಿಳ್ಳೆ ಕೇಳಿಸುವುದಿಲ್ಲ ಎಂದ. ಆಮೇಲೆ ಚೋಟಿಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ.

“ಕೆಳಗೆ ಊರಲ್ಲಿ ಕುದುರೆ ಮಾರ್ತಾರೆ. ಇದೇ ಬಣ್ಣದ್ದು ಒಂದು ತಗೊಂಡು ಕೊಟ್ಟಿಗೇಲಿ ಕಟ್ಟು. ಅಜ್ಜಿಗೇನು ಕಾಣುತ್ತಾ?”

ಚೋಟಿ ಗಡಿಯಾರ ನೋಡಿದಳು. ಟೈಮ್ ಜಾಸ್ತಿ ಇರಲಿಲ್ಲ. ಅವಳ ಹೆಬ್ಬೆರಳು ಟೋಪಿರಾಯನನ್ನು ಊರಿನ ದಾರಿಗೆ ತಿರುಗಿಸಿತು. ಅವನು ನಾಲ್ಕು ಹೆಜ್ಜೆ ನಡೆದೂ ಬಿಟ್ಟ.

“ಅದು ಬಂದ ತಕ್ಷಣ ಹೇಳೇ,” ಎಂದಳು ಅಜ್ಜಿ. “ನನ್ನ ಕೈ ಹಿಡ್ಕೊಂಡು ಟೀವಿ ಹತ್ರ ಕರ್ಕೊಂಡ್ ಹೋಗು. ಬೆನ್ನು ತಟ್ಟಬೇಕು. ಹೆದರಿರುತ್ತೆ.” ಈಗಲೇ ತಟ್ಟಲು ಸಿದ್ಧವಾಗಿರುವಂತೆ ಅವಳ ಅಂಗೈ ಹೊದಿಕೆಯ ಮೇಲೆ ತೆರೆದುಕೊಂಡೇ ಇತ್ತು.

ಚೋಟಿ ಆ ಅಂಗೈಯನ್ನೇ ನೋಡಿದಳು. ಆ ಕೈಯನ್ನು ಹಿಡಿದು ತಂದು ಇನ್ಯಾವುದೋ ಕುದುರೆಯ ಬೆನ್ನ ಮೇಲೆ ಇಡುವುದು ಹೇಗೆ?

ಟೋಪಿರಾಯ ನಿಂತ. ಹಿಂದಕ್ಕೆ ತಿರುಗಿ ಮತ್ತೆ ಬೆಟ್ಟ ಹತ್ತತೊಡಗಿದ.

“ನಿನಗೆ ಹುಚ್ಚು,” ಎಂದು ಅಣ್ಣ ಬ್ಯಾಗಿನ ಕಡೆ ಹೋದ.

ಹಿಮ ಬೀಳತೊಡಗಿತು. ಟೋಪಿರಾಯ ನಡೆದ, ಶಿಳ್ಳೆ ಹಾಕಿದ, ನಡೆದ. ಆ ದೇಶದಲ್ಲಿ ಹಗಲು ಬೇಗ ಮುಗಿಯುತ್ತದೆ. ನೋಡುತ್ತಿದ್ದಂತೆ ಆಕಾಶ ನೇರಳೆಯಾಯಿತು, ಚಂದ್ರ ಬಂದ, ಹಿಮವೆಲ್ಲ ಹಾಲಿನ ಕೆರೆಯ ಹಾಗೆ ಹೊಳೆಯಿತು. ಚೋಟಿ ಒಂದೊಂದನ್ನೂ ಹೇಳುತ್ತ ಹೋದಳು. ಕೊಂಬಿನ ಮೇಲೆ ಹಿಮ ಹೊತ್ತ ಜಿಂಕೆಯೊಂದು ನಿಂತು ನೋಡಿದ್ದು. ದೂರದ ಕಣಿವೆಯಲ್ಲಿ ರೈಲೊಂದು ಮಿಣುಕು ದೀಪಗಳ ಸರದಂತೆ ಹರಿದುಹೋಗಿದ್ದು. ಅಜ್ಜಿಯ ಹೂಂ ಮೆಲ್ಲಗೆ ವಾಪಸ್ ಬಂತು.

“ಅಜ್ಜಿ, ನಾನು ಕತೆ ಕೇಳ್ತಾ ನಿದ್ದೆ ಹೋಗ್ತಿದ್ನಲ್ಲ. ಹೂಂ ನಿಂತ ಮೇಲೆ ನೀನೇನು ಮಾಡ್ತಿದ್ದೆ?”

“ಪೂರ್ತಿ ಹೇಳ್ತಿದ್ದೆ.”

“ಯಾರಿಗೆ?”

“ಯಾರಿಗೂ ಇಲ್ಲ. ರಾಜಕುಮಾರ ಕಾಡಲ್ಲಿ ಇರ್ತಿದ್ನಲ್ಲೇ. ನೀನು ಮಲಗಿದೆ ಅಂತ ಅವನನ್ನ ಅಲ್ಲೇ ಬಿಟ್ಟುಬಿಡೋಕಾಗುತ್ತಾ? ಮನೆ ಮುಟ್ಟಿಸಿ ಆಮೇಲೆ ಮಲಗ್ತಿದ್ದೆ.”

“ಅವನು ನಿಜವಾದ ರಾಜಕುಮಾರ ಅಲ್ವಲ್ಲ.”

“ಅವನು ಬಾವಿಗೆ ಬಿದ್ದಾಗ ನೀನು ಅಳ್ತಿದ್ಯಲ್ಲ, ಅದು ನಿಜ ತಾನೇ?” ಎಂದು ಅಜ್ಜಿ ದಿಂಬು ಸರಿಮಾಡಿಕೊಂಡಳು. ಆಮೇಲೆ ಕಿವಿ ನಿಮಿರಿಸಿದಳು. “ಆ ಮೆಷಿನ್ ಒಂದು ನಿಮಿಷ ನಿಲ್ಲಿಸೋಕೆ ಹೇಳು ನಿಮ್ಮಮ್ಮಂಗೆ.”

ಚೋಟಿ ಓಡಿಹೋಗಿ ಹೇಳಿದಳು. ಇಂಥ ಹೊತ್ತಿನಲ್ಲಿ ಕುದುರೆ ಹುಡುಕುವವರ ಮನೆಯಲ್ಲಿ ತಾನೊಬ್ಬಳೇ ಪರದೆ ಹೊಲಿಯಬೇಕಾ ಎಂದು ಅಮ್ಮ ಗೊಣಗಿದಳು. ಆದರೂ ಪೆಡಲಿನಿಂದ ಕಾಲು ತೆಗೆದಳು.

ಮನೆ ಮೌನವಾಯಿತು. ಟೀವಿಯಲ್ಲಿ ಗಾಳಿ ಮಾತ್ರ ಸುಯ್ಯೆನ್ನುತ್ತಿತ್ತು.

“ಎಡಗಡೆ,” ಎಂದಳು ಅಜ್ಜಿ.

“ಅದು ಗಾಳಿ ಅಜ್ಜಿ,” ಎಂದ ಅಣ್ಣ.

“ಗಾಳಿ ಮೂಗು ಸೀಟುತ್ತೇನೋ?”

ಟೋಪಿರಾಯ ಎಡಕ್ಕೆ ತಿರುಗಿದ. ಬಂಡೆಯೊಂದರ ಹಿಂದೆ, ಬೆನ್ನ ಮೇಲೆ ಒಂದು ಬೊಗಸೆ ಹಿಮ ಹೊತ್ತುಕೊಂಡು, ತಲೆ ತಗ್ಗಿಸಿ ನಿಂತಿತ್ತು ಗೋಧಿ. ಚೋಟಿ ಬಟನ್‌ಗಳ ಮೇಲಿಂದ ತನ್ನ ಉದ್ದ ಬೆರಳನ್ನು ಜೋಪಾನವಾಗಿ ಎತ್ತಿ ಹಿಡಿದಳು. ಒಂದೊಂದೇ ಹೆಜ್ಜೆ. ಗೋಧಿ ಹಿಂದೆ ಸರಿಯಿತು. ಮತ್ತೆ ಒಂದು ಹೆಜ್ಜೆ. ಆಮೇಲೆ ಅದು ನಿಂತಿತು. ಟೋಪಿರಾಯನ ಕೈ ಲಗಾಮಿಗೆ ತಾಗಿತು.

ಚೋಟಿ ಎದ್ದು ಹೋಗಿ ಅಜ್ಜಿಯ ಕೈ ಹಿಡಿದಳು. ಇಬ್ಬರೂ ಪುಟ್ಟ ಹೆಜ್ಜೆ ಇಡುತ್ತ ಟೀವಿಯ ಹತ್ತಿರ ಬಂದರು. ಅವಳು ಆ ಅಂಗೈಯನ್ನು ಗೋಧಿಯ ಬೆನ್ನ ಮೇಲೆ ಸರಿಯಾಗಿ ಇಟ್ಟಳು.

“ಬೆಚ್ಚಗಿದೆ,” ಎಂದಳು ಅಜ್ಜಿ. ಟೀವಿ ಆಗಲೇ ತುಂಬ ಹೊತ್ತಿನಿಂದ ಉರಿಯುತ್ತಿತ್ತು.

ಅಜ್ಜಿ ಮತ್ತೆ ಮಂಚ ಸೇರಿದಳು. ಪಕ್ಕದ ಕೋಣೆಯಲ್ಲಿ ಮೆಷಿನ್ ಮತ್ತೆ ಗರಗರ ಅಂದಿತು. ಗೋಧಿ ಬೆಟ್ಟ ಇಳಿಯಿತು. ಹಿಮ ತೆಳ್ಳಗಾಯಿತು, ಹುಲ್ಲು ಬಂತು, ಹೊಳೆ ಬಂತು. ಟೋಪಿರಾಯ ಅದಕ್ಕೆ ನೀರು ಕುಡಿಸಿದ. ಚೋಟಿ ಹೊಳೆಯಲ್ಲಿ ತೇಲುತ್ತಿದ್ದ ಚಂದ್ರನ ಬಗ್ಗೆ ಹೇಳಿದಳು, ಕುದುರೆ ಕುಡಿಯುವಾಗ ಅವನು ಚೂರುಚೂರಾಗಿ ಮತ್ತೆ ಕೂಡಿಕೊಂಡದ್ದನ್ನು ಹೇಳಿದಳು. ಹೇಳಿ, ಹೂಂಗಾಗಿ ಕಾದಳು.

ಬರಲಿಲ್ಲ.

ಅಣ್ಣ ವೈರು ಸುತ್ತಲೆಂದು ಬಂದು ನಿಂತಿದ್ದ. ಮಂಚದ ಕಡೆ ನೋಡಿ, “ಅಜ್ಜಿ ಮಲಗಿಬಿಟ್ಲು. ನಾಲ್ಕಾಯ್ತು. ಆಫ್ ಮಾಡು ಚೋಟಿ,” ಎಂದ.

ಚೋಟಿ ತಿರುಗಿ ನೋಡಿದಳು. ಅಜ್ಜಿಯ ಬಾಯಿ ಸ್ವಲ್ಪ ತೆರೆದಿತ್ತು. ಬಿಳಿ ಪಟ್ಟಿ ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. ತಾನು ಮಲಗಿದ ಮೇಲೂ ಕತ್ತಲ ಕೋಣೆಯಲ್ಲಿ ಅಜ್ಜಿ ಒಬ್ಬಳೇ ಹೀಗೇ ತನ್ನ ಮುಖ ನೋಡುತ್ತ, ಮೆಲ್ಲಗೆ, ಯಾರನ್ನೋ ಮನೆ ಕಡೆ ನಡೆಸಿಕೊಂಡು ಹೋಗುತ್ತಿದ್ದಳು. ಎಷ್ಟೊಂದು ದಿನ.

ಅವಳು ಅಣ್ಣನಿಗೆ ಇಲ್ಲವೆಂದು ತಲೆಯಾಡಿಸಿ, ಟೀವಿಯ ಕಡೆ ತಿರುಗಿದಳು. ಧ್ವನಿ ತಗ್ಗಿಸಿದಳು.

“ಆಮೇಲೆ ಅವರು ಹೊಳೆ ದಾಟಿದ್ರು,” ಎಂದಳು. “ಆಚೆ ದಡದಲ್ಲಿ ಮನೆ ಕಾಣಿಸ್ತು. ಕಿಟಕೀಲಿ ದೀಪ ಇತ್ತು.”

ಅಣ್ಣ ವೈರು ಹಿಡಿದುಕೊಂಡೇ ನಿಂತಿದ್ದ. ಅದನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ.

“ಹೂಂ,” ಎಂದ.

“ಟೋಪಿರಾಯ ಕೊಟ್ಟಿಗೇಲಿ ಇಳಿದ. ಜೀನು ಬಿಚ್ಚಿದ. ಗೋಧಿ ಬೆನ್ನ ಮೇಲಿನ ಹಿಮ ಎಲ್ಲ ಬ್ರಷ್ ಮಾಡಿದ.”

“ಹೂಂ.”

“ಹುಲ್ಲು ಹಾಕಿದ.”

ಗೋಧಿ ತಲೆ ಬಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಟೋಪಿರಾಯ ಹೊರಗೆ ಬಂದು ಕೊಟ್ಟಿಗೆಯ ಬಾಗಿಲು ಎಳೆದು, ಅಗುಳಿ ಹಾಕಿದ.